ಅಬ್ಬಾನ ಮಾನಿಟರ್ ಯಾವ ಕಡೆ

6 ನವೆಂಬರ್ 2006, ಸೋಮವಾರ

ನಮ್ಮ ಪ್ರೆಸ್ಸಿಗೆ ಎರಡನೇ ಮಾನಿಟರ್ ಬಂತು. ಬಾರ್‌ಲೈನ್ ರಸ್ತೆಯಲ್ಲಿ ಬಾಗಿಲು ಹಾಕಿದ ಸೈಬರ್ ಕೆಫೆಯದು, ಹಿಂದುಗಡೆ ಹೊಟ್ಟೆ ಬಂದಿರುವ ಹಳೇ ಥರದ್ದು. ಅಚ್ಚಿನ ಮಿಷನ್ ಓಡಿಸುವ ರುದ್ರಯ್ಯ ಮಾಮ ಅದನ್ನು ಆಟೋದಿಂದ ಇಳಿಸುತ್ತಾ, "ಶಾಹೀನಮ್ಮ, ಇದೇನು ಕಂಪ್ಯೂಟ್ರೋ ರುಬ್ಬೋ ಗುಂಡೋ?" ಎಂದರು. ನಕ್ಕೆ. ಆದರೆ ಇದು ಯಾಕೆ ಬಂದಿದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು, ಅಬ್ಬಾಗೂ ಗೊತ್ತು.

ತಲೆ ಕೆಟ್ಟಾಗ ಎಲ್ಲವನ್ನೂ ಮೊದಲಿನಿಂದ ಬರೆದುಕೊಂಡರೆ ಸ್ವಲ್ಪ ತಣ್ಣಗಾಗುತ್ತೇನೆ. ಅಬ್ಬಾ ಮೂವತ್ತು ವರ್ಷ ಕೈಯಲ್ಲಿ ಉರ್ದು ಬರೆದ ಕಾತಿಬ್. ಮದುವೆ ಕಾರ್ಡಿನಲ್ಲಿ ಮುಖ್ತಾರ್ ಅಹಮದರ ಅಕ್ಷರ ಇರಲೇಬೇಕು ಎನ್ನುವವರಿದ್ದರು. ಮಂಡಿಪೇಟೆಯ ಎಷ್ಟೋ ಅಂಗಡಿಗಳ ಕನ್ನಡ ಬೋರ್ಡೂ ಅವರದೇ ಕೈ. ಕಂಪ್ಯೂಟರ್ ಬಂದ ಮೇಲೆ ಬಿದಿರಿನ ಲೇಖನಿ ಡ್ರಾಯರ್ ಸೇರಿತು. ಉಳಿದದ್ದು ಪ್ರೂಫ್ ನೋಡುವ ಕೆಲಸ. ನಾನು ಟೈಪ್ ಮಾಡುತ್ತೇನೆ, ಅಬ್ಬಾ ಕೆಂಪು ಪೆನ್ಸಿಲಿನಲ್ಲಿ ತಿದ್ದಿ ಕೆಳಗೊಂದು ಗೀಟು ಎಳೆಯುತ್ತಾರೆ, ಗೀಟು ಬಿದ್ದ ಮೇಲೆಯೇ ರುದ್ರಯ್ಯ ಮಾಮ ಮಿಷನ್ ಶುರು ಮಾಡುತ್ತಾರೆ. ರಂಜಾನ್ ಶುರುವಾದಾಗಿನಿಂದ ಎರಡು ತಪ್ಪು ಆ ಗೀಟು ದಾಟಿಕೊಂಡು ಹೊರಗೆ ಹೋದವು. ಹೊಸ ಕನ್ನಡಕ ಮಾಡಿಸಿದ್ದಾಯಿತು. ಪ್ರಯೋಜನವಾಗಲಿಲ್ಲ.

ಮೊನ್ನೆ ರುದ್ರಯ್ಯ ಮಾಮ ಮೆಲ್ಲಗೆ, "ಮುಖ್ತಾರಣ್ಣನ ಕಣ್ಣಿಗೆ ರೆಸ್ಟ್ ಕೊಡೋಣ್ವಾ ತಾಯಿ?" ಎಂದರು. ಅಬ್ಬಾ ಕೇಳಿಸಿಕೊಂಡರು. "ಇನ್ನೊಂದು ತಪ್ಪು ನನ್ನ ಕೈ ದಾಟಿ ಹೋಗ್ಲಿ ರುದ್ರಯ್ಯ, ನಾನೇ ಮನೇಲಿ ಕೂತ್ಕೋತೀನಿ. ನೀನು ಹೇಳೋದೇ ಬೇಡ."

ಅಬ್ಬಾ ಹೇಳಿದರೆ ಹೇಳಿದ್ದೇ. ಮನೆಯಲ್ಲಿ ಕೂತರೆ ಒಂದು ತಿಂಗಳಲ್ಲಿ ಸೊರಗಿಹೋಗುತ್ತಾರೆ. ಅದಕ್ಕೇ ಅವರಿಗೇ ಒಂದು ಸ್ಕ್ರೀನ್. ನನ್ನ ಪಕ್ಕದಲ್ಲೇ ಕೂತು ಅಕ್ಷರ ಎಷ್ಟು ದೊಡ್ಡದು ಬೇಕೋ ಅಷ್ಟು ದೊಡ್ಡದು ಮಾಡಿಕೊಂಡು ಓದಲಿ.

ಇದೆಲ್ಲ ಕನ್ನಡದಲ್ಲಿ ಬರೆಯುವ ಅನುಕೂಲ ಏನೆಂದರೆ, ಅಬ್ಬಾ ಅಚ್ಚಿನ ಕನ್ನಡ ಓದುತ್ತಾರೆ, ನನ್ನ ಕೈಬರಹ ಓದಲಾರರು. ನನ್ನ ಕಥೆ ಉಲ್ಟಾ. ಉರ್ದು ಟೈಪ್ ಮಾಡುತ್ತೇನೆ, ಓದಲು ಕೂತರೆ ಎತ್ತಿನ ಗಾಡಿ.

7 ನವೆಂಬರ್, ಮಂಗಳವಾರ

ಬೆಳಿಗ್ಗೆಯಿಂದ ಎರಡನೇ ಮಾನಿಟರ್ ಕಪ್ಪಗೆ ಕೂತಿದೆ. ಎರಡು ಮಾನಿಟರಿನ ವೈರು ಸಿಕ್ಕಿಸಲು ಜಾಗ ಇರುವ ಹೊಸ ಕಾರ್ಡನ್ನು ಕಂಪ್ಯೂಟರಿನೊಳಗೆ ಹಾಕಿಸಿದ್ದೇನೆ, ವೈರು ಸರಿಯಿದೆ, ದೀಪ ಉರಿಯುತ್ತಿದೆ.

ನಮ್ಮ ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಲಿನಕ್ಸ್. ಹೋದ ವರ್ಷ ವೈರಸ್ಸು ಮದುವೆ ಕಾರ್ಡಿನ ಹಳೆಯ ಫೈಲುಗಳನ್ನೆಲ್ಲ ತಿಂದು ಹಾಕಿದಾಗ ಕ್ಯಾತ್ಸಂದ್ರದ ಕಡೆ ಕಾಲೇಜಿನಲ್ಲಿ ಪಾಠ ಮಾಡುವ ಸಂಗಮೇಶ್ ಸರ್ ಬಂದು ಹಾಕಿಕೊಟ್ಟರು. ಒಂದೇ ಫೈಲಿನಲ್ಲಿ ಕನ್ನಡ, ಉರ್ದು ಎರಡೂ ಕೂರುತ್ತವೆ, ಆ ಸುಖಕ್ಕೆ ನಾನು ಮಿಕ್ಕಿದ್ದೆಲ್ಲ ಸಹಿಸಿಕೊಂಡಿದ್ದೇನೆ. ಆದರೆ ಮಾನಿಟರ್ ಎಲ್ಲಿದೆ ಎಂದು ಇದಕ್ಕೆ ಬರೆದು ತಿಳಿಸಬೇಕು. ಒಂದು ಫೈಲಿದೆ, ಅದರಲ್ಲಿ ಒಂದು ಉದ್ಧರಣ ಚಿಹ್ನೆ ಬಿಟ್ಟರೂ ಎರಡು ಸ್ಕ್ರೀನೂ ಕತ್ತಲೆ. ಪ್ರತಿ ಸಲ ತಿದ್ದಿ, ಸ್ಕ್ರೀನು ಹೊಸದಾಗಿ ಶುರುವಾಗಲೆಂದು ಮೂರು ಕೀ ಒಟ್ಟಿಗೆ ಒತ್ತಿ, ಉಸಿರು ಹಿಡಿದು ಕಾಯುವುದು. ಉಗುರೆಲ್ಲ ಕಚ್ಚಿ ಮುಗಿಯಿತು.

ಸಂಜೆ ಐದಕ್ಕೆ ಬೆಳಕು ಬಂತು. ಎರಡರಲ್ಲೂ ಒಂದೇ ಚಿತ್ರ! ಅಬ್ಬಾ ಕನ್ನಡಕ ಏರಿಸಿ ನೋಡಿ, "ಇದೇನೇ, ಮದುಮಗನ್ನೂ ಅವನ ನೆರಳನ್ನೂ ಒಟ್ಟಿಗೆ ಕೂರಿಸಿದ್ದೀಯ?" ಎಂದರು. ಹೊರಡುವಾಗ ಭುಜ ಬಾಗಿಲಿಗೆ ತಾಗಿಸಿಕೊಂಡು, ಬಾಗಿಲನ್ನೇ ಬೈದರು.

ಮನೆಯಲ್ಲಿ ಅಮ್ಮಿಯದು ಬೇರೆ ರಾಗ. "ನನ್ನ ಕೈ ಚಟ್ನಿ ಈಗ ರುಚಿಸಲ್ಲ ಅವರಿಗೆ. ದಿನಾ ತಟ್ಟೆಯಲ್ಲಿ ಹಾಗೇ ಬಿಡ್ತಾರೆ."

10 ನವೆಂಬರ್, ಶುಕ್ರವಾರ

ಆಯಿತು! ಜುಮ್ಮಾ ನಮಾಜ್ ಮುಗಿಸಿ ಅಬ್ಬಾ ಬರುವಷ್ಟರಲ್ಲಿ ಎರಡು ಸ್ಕ್ರೀನೂ ಬೇರೆ ಬೇರೆ. ಸಂಗಮೇಶ್ ಸರ್ ಫೋನಿನಲ್ಲೇ ಹೇಳಿಕೊಟ್ಟರು. "ಫೈಲ್‌ನಲ್ಲಿ ಎರಡನೇ ಸ್ಕ್ರೀನ್ ಹೆಸ್ರಿನ ಮುಂದೆ ರೈಟ್‌ಆಫ್ ಅಂತ ಹಾಕಿ. ಮೊದಲನೇದರ ಬಲಗಡೆ ಅಂತ ಅರ್ಥ. ಅದು ಹಾಕ್ಲಿಲ್ಲ ಅಂದ್ರೆ ಅದಕ್ಕೆ ಯಾರು ಎಲ್ಲಿ ಕೂತಿದ್ದಾರೆ ಅಂತ ಹೆಂಗ್ ಗೊತ್ತಾಗತ್ತೆ ಹೇಳಿ?"

ಮೌಸಿನ ಬಾಣ ನನ್ನ ಸ್ಕ್ರೀನಿನ ಅಂಚು ದಾಟಿ ಅಬ್ಬಾನ ಸ್ಕ್ರೀನಿಗೆ ಹೋದಾಗ ರುದ್ರಯ್ಯ ಮಾಮ ಮಿಷನ್ ನಿಲ್ಲಿಸಿ ಬಂದು ನೋಡಿದರು. ಸಂತೋಷಕ್ಕೆ ನಾನು ಚಿಕ್ಕ ಹುಡುಗಿಯ ಹಾಗೆ ಕೈ ತಟ್ಟಿದೆ.

ಒಂದು ಎಡವಟ್ಟು ಉಳಿದಿದೆ. ಅಬ್ಬಾನ ಕುರ್ಚಿ ಇರುವುದು ನನ್ನ ಎಡಗಡೆ, ಬಾಗಿಲ ಪಕ್ಕ. ಬರೆಯುವ ಕೈಯ ನೆರಳು ಕಾಗದದ ಮೇಲೆ ಬೀಳಬಾರದೆಂದು ಬೆಳಕು ಎಡದಿಂದ ಬರುವ ಜಾಗವನ್ನು ಅವರು ಮೂವತ್ತು ವರ್ಷದ ಹಿಂದೆಯೇ ಆರಿಸಿಕೊಂಡಿದ್ದರು. ಹಾಗಾಗಿ ಅವರ ಮಾನಿಟರ್ ಎಡಕ್ಕಿದೆ, ಲಿನಕ್ಸ್ ಬಲಕ್ಕಿದೆ ಎಂದುಕೊಂಡಿದೆ. ಬಾಣವನ್ನು ಅಬ್ಬಾನ ಕಡೆ ಕಳಿಸಬೇಕೆಂದರೆ ನಾನು ಗೋಡೆಯ ಕಡೆ ತಳ್ಳಬೇಕು.

13 ನವೆಂಬರ್, ಸೋಮವಾರ

ಒಂದು ಪದ ತಿದ್ದಿದೆ. ರೈಟ್‌ಆಫ್ ಹೋಗಿ ಲೆಫ್ಟ್‌ಆಫ್ ಆಯಿತು. ಬಾಣ ಈಗ ಸರಿಯಾದ ಕಡೆಗೆ ಹೋಗುತ್ತದೆ.

ಒಳ್ಳೆಯ ಹೊತ್ತಿಗೇ ಕೆಲಸ ಬಂತು. ಕುಣಿಗಲ್ಲಿನಿಂದ ನಯೀಮ್ ಎನ್ನುವವರು ಬಂದಿದ್ದರು. ಮಗಳು ಮಹೀನ್ ಮದುವೆ ಡಿಸೆಂಬರ್ ಇಪ್ಪತ್ನಾಲ್ಕಕ್ಕೆ, ಹುಡುಗ ಗುಬ್ಬಿಯ ಅಫ್ರೋಜ್. ಒಂದು ಮಗ್ಗುಲು ಕನ್ನಡ, ಒಂದು ಮಗ್ಗುಲು ಉರ್ದು. ಹುಡುಗಿಯ ತಾತ ಬುಡನ್ ಸಾಬ್, ಹುಡುಗನ ತಾತ ಪ್ಯಾರೇಜಾನ್ ಸಾಬ್, ಇಬ್ಬರ ಹೆಸರೂ ದೊಡ್ಡದಾಗಿ ಬರಬೇಕಂತೆ. ಬೆಳ್ಳಾವಿಯವರ ಹಳೇ ಕಾರ್ಡಿನ ಫೈಲು ತೆಗೆದು ಹೆಸರು ಬದಲಾಯಿಸುತ್ತಾ ಹೋದೆ.

ಅಬ್ಬಾ ತಮ್ಮ ಸ್ಕ್ರೀನಿನ ಮುಂದೆ ಕೂತು ಬಲದಿಂದ ಎಡಕ್ಕೆ ಉರ್ದು ಸಾಲು ಓದಿದರು. ಸ್ವಲ್ಪ ಹೊತ್ತಾದ ಮೇಲೆ, "ಸಾಲು ಪೂರ್ತಿ ಇಲ್ಲ ಕಣೇ. ಕೊನೇಲಿ ಕಟ್ ಆಗಿದೆ" ಎಂದರು. ನಾನು ಬಗ್ಗಿ ನೋಡಿದೆ. ನಿಜವೇ, ಚಿತ್ರ ಎಡಕ್ಕೆ ಜರುಗಿ ಒಂದು ಬೆರಳಷ್ಟು ಗಾಜಿನ ಅಂಚಿನೊಳಗೆ ಹೋಗಿತ್ತು. ಹಳೇ ಮಾನಿಟರಿನ ಹಣೆಬರಹ. ಕೆಳಗಿನ ಗುಂಡಿ ಒತ್ತಿ ಒತ್ತಿ ಬಲಕ್ಕೆ ತಂದೆ.

15 ನವೆಂಬರ್, ಬುಧವಾರ

ಮತ್ತೆ ಅದೇ. ಚಿತ್ರ ಸರಿಯಾಗಿದೆ ಎಂದರೆ ಅಬ್ಬಾ ಒಪ್ಪುವುದಿಲ್ಲ. ಉರ್ದು ಸಾಲು ಮುಗಿಯುವ ಮೊದಲೇ ನಿಂತುಹೋಗುತ್ತದಂತೆ. ಕನ್ನಡದಲ್ಲಿ 'ಕುಣಿಗಲ್' ಇರುವ ಕಡೆ 'ಗಲ್' ಎಂದು ಓದಿದರು. "ಗಲ್ ಅನ್ನೋ ಊರು ಎಲ್ಲಿದೆ ಅಬ್ಬಾ?" ಎಂದು ಕೇಳಿದರೆ, "ನಿನ್ನ ಕಂಪ್ಯೂಟರ್ ಒಳಗೆ" ಎಂದರು.

ಸಂಗಮೇಶ್ ಸರ್ ಖುದ್ದಾಗಿ ಬಂದು ಚಿತ್ರದ ಅಳತೆ ಕಡಿಮೆ ಮಾಡಿ, ಮತ್ತೆ ಹೆಚ್ಚು ಮಾಡಿ, ತಲೆ ಕೆರೆದುಕೊಂಡು ಹೋದರು. ಅಬ್ಬಾನ ಎಡಗೆನ್ನೆಯಲ್ಲಿ ಬಿಳಿ ಕೂಳೆ ಗಡ್ಡ ಉಳಿದಿತ್ತು. ಹೊರಗಿನವರ ಮುಂದೆ ಹೀಗೆ ಕೂರುತ್ತಾರಲ್ಲ ಎಂದು ನನಗೇ ನಾಚಿಕೆಯಾಯಿತು.

ಎದ್ದೆ, ಕೂತೆ, ನೀರು ಕುಡಿದೆ, ಮತ್ತೆ ಎದ್ದೆ. ಕೊನೆಗೆ ಬಾಯಿ ತಡೆಯಲಿಲ್ಲ. "ಅಬ್ಬಾ, ಸ್ಕ್ರೀನಿಗೆ ಏನೂ ಆಗಿಲ್ಲ. ನಿಮ್ಮ ಲೇಖನಿ ಕಿತ್ತುಕೊಂಡಿತು ಅಂತ ನಿಮಗೆ ಇದರ ಮೇಲೆ ಹಗೆ. ಅದಕ್ಕೆ ಇದರಲ್ಲಿ ಓದಲ್ಲ ಅಂತ ಹಟ."

ಅಬ್ಬಾ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ಸ್ಕ್ರೀನಿನ ಕಡೆ ಬಗ್ಗಿದರು. 

17 ನವೆಂಬರ್, ಶುಕ್ರವಾರ

ಅಬ್ಬಾ ಕುಣಿಗಲ್ ಕಾರ್ಡ್ ಪೂರ್ತಿ ಸ್ಕ್ರೀನಿನ ಮೇಲೆಯೇ ಓದಿದರು. ಕಟ್ ಆಗಿದೆ ಎಂದು ಒಂದು ಸಲವೂ ಹೇಳಲಿಲ್ಲ. ಎರಡು ತಪ್ಪು ಹಿಡಿದರು, ನಾನು ತಿದ್ದಿದೆ, ಪ್ರಿಂಟ್ ಮೇಲೆ ಗೀಟು ಎಳೆದರು. ಮಧ್ಯಾಹ್ನ ಕಾರ್ಡು ಅಚ್ಚಾಗಿ ಹೋಯಿತು.

ಗೆದ್ದೆ. ಆದರೂ ಯಾಕೋ ಕೂತಲ್ಲಿ ಕೂರಲಾಗುತ್ತಿಲ್ಲ.

21 ನವೆಂಬರ್, ಮಂಗಳವಾರ



ಹನ್ನೊಂದು ಗಂಟೆಗೆ ಒಬ್ಬರು ಮುದುಕರು ಬಾಗಿಲಲ್ಲಿ ಬಂದು ನಿಂತರು. ಎತ್ತರದ ಆಳು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ನಮ್ಮ ಕಾರ್ಡು.

"ಮುಖ್ತಾರ್ ಅನ್ನೋರು ಯಾರು?"

"ನಾನೇ. ಬನ್ನಿ, ಕೂತ್ಕೊಳ್ಳಿ" ಎಂದರು ಅಬ್ಬಾ.

"ಕೂತ್ಕೊಳ್ಳೋದಾ? ನಾನು ಸತ್ತೋಗಿದ್ದೀನಂತಲ್ಲಪ್ಪ. ಸತ್ತೋರು ಕೂತ್ಕೋತಾರಾ?"

ರುದ್ರಯ್ಯ ಮಾಮನಿಗೆ ನಗು ಬಂದುಬಿಟ್ಟಿತು. ಮುದುಕರು ಅವರ ಕಡೆ ತಿರುಗಿದರು. "ನಗ್ತೀಯಲ್ಲಾ, ಕುಣಿಗಲ್‌ಗೆ ಬಂದು ನೋಡು. ನಿನ್ನೆಯಿಂದ ಜನ ಮನೆ ಮುಂದೆ ಬರ್ತಾವ್ರೆ, ಯಾವಾಗ ಹೋದ್ರು, ಏನಾಗಿತ್ತು ಅಂತ ಕೇಳ್ತಾವ್ರೆ. ನಾನೇ ಬಾಗ್ಲು ತೆಗುದ್ರೆ ಬೆಚ್ಚಿಬಿದ್ದು ಓಡ್ತಾವ್ರೆ!"

ಅವರೇ ಬುಡನ್ ಸಾಬ್. ಕುಣಿಗಲ್ ಕುದುರೆ ಫಾರಂನಲ್ಲಿ ನಲವತ್ತು ವರ್ಷ ಕುದುರೆಗಳಿಗೆ ಲಾಳ ಹೊಡೆದವರು. ಕಾರ್ಡಿನ ಕನ್ನಡ ಮಗ್ಗುಲಲ್ಲಿ 'ದಿವಂಗತ ಬುಡನ್ ಸಾಬ್ ಅವರ ಮೊಮ್ಮಗಳು' ಎಂದಿತ್ತು. ಉರ್ದು ಮಗ್ಗುಲಲ್ಲಿ ಹೆಸರಾದ ಮೇಲೆ 'ಮರ್ಹೂಮ್' ಎಂದಿತ್ತು, ಅಂದರೂ ತೀರಿಕೊಂಡವರೇ. ಬೆಳ್ಳಾವಿಯವರ ಫೈಲಿನಲ್ಲಿ ಎರಡೂ ಕಡೆ ತಾತಂದಿರು ತೀರಿಕೊಂಡವರು. ನಾನು ಹೆಸರು ಬದಲಾಯಿಸಿದ್ದೆ, ಆ ಪದ ಅಲ್ಲೇ ಉಳಿದಿತ್ತು.

ಅಬ್ಬಾ ಕಾರ್ಡ್ ಇಸಿದುಕೊಂಡು ಓದಿದರು. ತಿರುಗಿಸಿ ಉರ್ದು ಓದಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಎಲ್ಲಿದೆ?" ಎಂದರು.

"ಎಲ್ಲಿದೆ ಅಂತೀಯಾ? ಕಣ್ಣೇನು ಮನೇಲಿ ಬುಟ್ಟು ಬಂದಿದ್ದೀಯಾ?" ಬುಡನ್ ಸಾಬ್ ಬೆರಳು ಒತ್ತಿ ತೋರಿಸಿದರು. ಅಬ್ಬಾ ಆ ಬೆರಳನ್ನು ಹಿಂಬಾಲಿಸಿ ತಲೆ ತಿರುಗಿಸಿದರು. ಪದ ಕಂಡಿತು. ಅವರ ಮುಖ ಆಗ ಹೇಗಾಯಿತು ಎಂದು ಬರೆಯಲು ನನ್ನಿಂದ ಆಗುವುದಿಲ್ಲ.

ನಾನು, "ಸ್ಕ್ರೀನು ಎಡಗಡೆ ಕಟ್ ಆಗಿತ್ತು..." ಎಂದು ಶುರು ಮಾಡಿದೆ. ಟೈಪ್ ಮಾಡಿದವಳು ನಾನು ಎಂದು ಹೇಳಲಿಲ್ಲ. ಅಬ್ಬಾ ನನ್ನ ಮಾತು ನಿಲ್ಲಿಸಿದರು. "ಸ್ಕ್ರೀನ್ ಏನೂ ಮಾಡಿಲ್ಲ. ನನ್ನ ಗೀಟು ಬಿದ್ದ ಮೇಲೇನೇ ಅಚ್ಚಾಗಿದ್ದು. ತಪ್ಪು ನಂದು ಸಾಬ್. ಹೊಸ ಕಾರ್ಡ್ ಮಾಡ್ಕೊಡ್ತಾರೆ."

ಮಾಡಿಕೊಡುತ್ತೀವಿ ಎನ್ನಲಿಲ್ಲ. ಕೆಂಪು ಪೆನ್ಸಿಲ್ಲನ್ನು ನನ್ನ ಕೀಬೋರ್ಡಿನ ಮೇಲಿಟ್ಟು ಎದ್ದರು. ಹೋಗುವಾಗ ಮತ್ತೆ ಅದೇ ಬಾಗಿಲಿಗೆ ಭುಜ ತಾಗಿತು, ಈ ಸಲ ಬೈಯಲಿಲ್ಲ.

22 ನವೆಂಬರ್, ಬುಧವಾರ

ಅಬ್ಬಾ ಬರಲಿಲ್ಲ. ಅವರ ಮಾನಿಟರ್ ಉರಿಯುತ್ತಿದೆ, ಆರಿಸಲು ಮನಸ್ಸಾಗುತ್ತಿಲ್ಲ.

24 ನವೆಂಬರ್, ಶುಕ್ರವಾರ

ಯಾರ ತಪ್ಪು ಎಂದು ತಿಳಿಯದೆ ಹುಚ್ಚು ಹಿಡಿಯುವ ಹಾಗಾಗಿತ್ತು. ಮಧ್ಯಾಹ್ನ ಅಬ್ಬಾನ ಕುರ್ಚಿಯಲ್ಲಿ ಕೂತೆ. ಬೆನ್ನು ಅವರ ಹಾಗೇ ಬಗ್ಗಿಸಿ, ಕಾರ್ಡಿನ ಫೈಲು ತೆರೆದು ಅವರ ಸ್ಕ್ರೀನಿನಲ್ಲಿ ಓದಿದೆ. ಎಲ್ಲ ಕಾಣುತ್ತದೆ. ಎಡಗಡೆಯ ಕೊನೆಯ ಚುಕ್ಕೆಯೂ ಕಾಣುತ್ತದೆ. ಹಾಗಾದರೆ ಅಬ್ಬಾ ಓದದೆಯೇ ಗೀಟು ಎಳೆದರೇ? ಮೂವತ್ತು ವರ್ಷದಲ್ಲಿ ಒಂದು ಸಲವೂ ಹಾಗೆ ಮಾಡಿದವರಲ್ಲ.

ಬೀರುವಿನಿಂದ ಹಳೇ ಪ್ರೂಫಿನ ಕಟ್ಟು ತೆಗೆದು ನೆಲದ ಮೇಲೆ ಹರವಿದೆ. ರಂಜಾನಿಗೆ ಮೊದಲಿನವುಗಳಲ್ಲಿ ಕೆಂಪು ಗುರುತು ಹಾಳೆಯ ತುಂಬ ಇತ್ತು. ರಂಜಾನಿನಿಂದ ಈಚೆಗಿನವುಗಳಲ್ಲಿ ಕೆಂಪೆಲ್ಲ ಬಲಭಾಗದಲ್ಲೇ. ಎಡಭಾಗ ತೊಳೆದಿಟ್ಟ ಹಾಗೆ. ಅವು ಕಾಗದ! ಮಾನಿಟರ್ ಅಂಗಡಿಗೆ ಬರುವ ಮೊದಲಿನವು!

ಮೊದಲು ಉರ್ದು ಹಾಳೆ ನೋಡಿ, ಸಾಲಿನ ಕೊನೆಗೆ ಬರುವಷ್ಟರಲ್ಲಿ ದಣಿಯುತ್ತಾರೇನೋ ಅಂದುಕೊಂಡೆ. ಆಮೇಲೆ ಕನ್ನಡದ ಹಾಳೆ ನೋಡಿದೆ. ಕನ್ನಡದಲ್ಲಿ ಎಡಭಾಗ ಎಂದರೆ ಸಾಲಿನ ಶುರು. ಶುರುವಿನಲ್ಲೇ ಯಾರು ದಣಿಯುತ್ತಾರೆ? 'ದಿವಂಗತ' ಹೆಸರಿಗಿಂತ ಮೊದಲು ಬರುತ್ತದೆ, 'ಮರ್ಹೂಮ್' ಹೆಸರಾದ ಮೇಲೆ ಬರುತ್ತದೆ. ಒಂದು ಭಾಷೆ ಎಡದಿಂದ ಹೊರಡುತ್ತದೆ, ಇನ್ನೊಂದು ಎಡಕ್ಕೆ ಹೋಗಿ ಮುಟ್ಟುತ್ತದೆ. ಎರಡೂ ಪದ ಬಿದ್ದದ್ದು ಎಡಕ್ಕೇ.

ಬಾಗಿಲಿಗೆ ತಾಗಿದ್ದು ಎಡ ಭುಜ. ಗಡ್ಡ ಉಳಿದದ್ದು ಎಡಗೆನ್ನೆ. ಚಟ್ನಿಯನ್ನು ಅಮ್ಮಿ ತಟ್ಟೆಯ ಯಾವ ಕಡೆ ಬಡಿಸುತ್ತಾರೆ?

ರುದ್ರಯ್ಯ ಮಾಮ ಬಂದು, "ಯಾಕ್ ತಾಯಿ, ನೆಲದ ಮೇಲೆ ಕೂತ್ಕೊಂಡು ಅಳ್ತಾ ಇದೀಯ?" ಎಂದರು. ನಾನು ಅಳುತ್ತಿದ್ದೇನೆಂದು ಆಗಲೇ ಗೊತ್ತಾದದ್ದು.

25 ನವೆಂಬರ್, ಶನಿವಾರ

ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದೆ. ಅಬ್ಬಾನ ಎದುರಿಗೆ ಕೂತು ಬಾಯಿ ಮುಚ್ಚಿಕೊಂಡು ನೋಡಿದೆ. ತಟ್ಟೆಯ ಬಲ ಅರ್ಧ ಖಾಲಿ ಮಾಡಿ, ಎಡಗಡೆ ಅನ್ನವನ್ನೂ ಚಟ್ನಿಯನ್ನೂ ಹಾಗೇ ಬಿಟ್ಟು, "ಇವತ್ತು ಸ್ವಲ್ಪ ಕಮ್ಮಿ ಬಡಿಸಿದ್ದೀಯ ಸಲೀಮಾ" ಎಂದರು.

ಅಮ್ಮಿ ಬಾಯಿ ತೆರೆಯುವ ಮೊದಲೇ ನಾನು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ.

ಅಬ್ಬಾನ ಬೆರಳು ಗಾಳಿಯಲ್ಲೇ ನಿಂತಿತು. "ಇದು ಎಲ್ಲಿತ್ತು?"

"ಇಲ್ಲೇ ಇತ್ತು ಅಬ್ಬಾ."

ಅಮ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಬ್ಬಾ ತಟ್ಟೆಯನ್ನೂ ನನ್ನನ್ನೂ ನೋಡಿದರು. ಆಮೇಲೆ ಅನ್ನ ಪೂರ್ತಿ ತಿಂದರು, ಚಟ್ನಿಯನ್ನೂ ತಿಂದರು, ಚೆನ್ನಾಗಿದೆ ಎಂದರು.

27 ನವೆಂಬರ್, ಸೋಮವಾರ

ಡಾಕ್ಟರು, ಸ್ಕ್ಯಾನು, ಬೆಂಚು, ಮತ್ತೆ ಡಾಕ್ಟರು. ಕಾಯುವಾಗ ಆ ಕಾರಿಡಾರನ್ನು ಎಷ್ಟು ಸಲ ಅಳೆದೆನೋ. ನರ್ಸು ಎರಡು ಸಲ ಕೂತ್ಕೊಳ್ಳಿ ಎಂದು ಗದರಿದಳು.

ಕಣ್ಣು ಚೆನ್ನಾಗಿದೆಯಂತೆ. ಮಿದುಳಿನಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ, ಎರಡು ತಿಂಗಳ ಹಿಂದಿನದು. ರಂಜಾನಿನ ರೋಜಾದಲ್ಲಿ ಒಂದು ದಿನ ತಲೆನೋವೆಂದು ಮಲಗಿದ್ದರಲ್ಲ, ಹಸಿವಿಗೆ ಎಂದುಕೊಂಡೆವಲ್ಲ, ಅದೇ. ಎಡಗಡೆಯ ಲೋಕ ಕಣ್ಣಿಗೆ ಬಿದ್ದರೂ ಒಳಗೆ ಮುಟ್ಟುವುದಿಲ್ಲ. ಇಲ್ಲ ಎನ್ನುವುದು ಕೂಡ ಅವರಿಗೆ ಗೊತ್ತಾಗುವುದಿಲ್ಲ. "ಇನ್ನೊಂದು ಸಲ ಆಗೋಕ್ಕೆ ಮೊದ್ಲೇ ಬಂದ್ರಲ್ಲ, ಪುಣ್ಯ. ಮಾತ್ರೆ ಬಿಡಬಾರ್ದು. ಎಡಕ್ಕೆ ತಿರುಗಿ ನೋಡೋ ಅಭ್ಯಾಸ ಮಾಡಿಸಿ. ಓದುವಾಗ ಎಡಗಡೆ ಅಂಚಿಗೆ ಒಂದು ಕೆಂಪು ಗೆರೆ ಎಳೀರಿ, ಅದು ಸಿಗೋವರ್ಗೂ ತಲೆ ತಿರುಗಿಸ್ಬೇಕು" ಎಂದರು ಡಾಕ್ಟರು. ಎಷ್ಟು ವಾಪಸ್ ಬರುತ್ತದೆ ಎಂದು ಹೇಳಲಿಲ್ಲ.

ಬರುವಾಗ ಆಟೋದಲ್ಲಿ ಹೇಳಿಬಿಟ್ಟೆ. "ಅಬ್ಬಾ, ಆ ಪದ ಬಿಟ್ಟಿದ್ದು ನಾನು. ಹಳೇ ಫೈಲು. ಅವತ್ತು ಬಾಯಿ ಬಿಡಲಿಲ್ಲ."

"ಗೊತ್ತು ಕಣೇ. ಟೈಪ್ ಮಾಡೋರು ತಪ್ಪು ಮಾಡ್ತಾರೆ, ಅದಕ್ಕೇ ಅಲ್ವಾ ನನ್ನ ಅಲ್ಲಿ ಕೂರಿಸಿದ್ದು?" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಇನ್ಮೇಲೆ ಕೂರಲ್ಲ ಬಿಡು" ಎಂದರು. ನಾನು ಅವರ ಬಲಗಡೆ ಕೂತಿದ್ದೆ. ಯಾವಾಗಲೂ ಬಲಗಡೆಯೇ ಕೂತಿದ್ದೆ, ಅಂಗಡಿಯಲ್ಲೂ. ಅದಕ್ಕೇ ನನಗೆ ಏನೂ ಕಾಣಲಿಲ್ಲ.

30 ನವೆಂಬರ್, ಗುರುವಾರ

ಕುಣಿಗಲ್ ಕಾರ್ಡು ಹೊಸದಾಗಿ ಸಿದ್ಧ ಮಾಡಿದೆ. ಪದ ಹುಡುಕಿ ಒಂದೇ ಏಟಿಗೆ ಎಲ್ಲ ಕಡೆ ಅಳಿಸುವ ಆಜ್ಞೆ ಇದೆ. 'ದಿವಂಗತ' ಕೊಟ್ಟೆ, ಹೋಯಿತು. 'ಮರ್ಹೂಮ್' ಕೊಟ್ಟೆ, ಹೋಯಿತು. ಆ ಎರಡು ಪದ ಇನ್ನೊಂದು ಸಲ ನನ್ನ ಕಣ್ಣಿಗೆ ಬೀಳಬಾರದು.

ನಯೀಮ್ ಅವರಿಗೆ ಫೋನ್ ಮಾಡಿದರೆ ಬುಡನ್ ಸಾಬರೇ ಎತ್ತಿಕೊಂಡರು.

"ಪ್ರೂಫ್ ಯಾರು ನೋಡುದ್ರು?"

"ನಾನೇ ನೋಡಿದೆ ದಾದಾ."

"ನೀನಲ್ಲಮ್ಮ. ಮುಖ್ತಾರ್ ಎಲ್ಲಿ?"

ಯಾಕೋ ಅವರಿಗೆ ಎಲ್ಲವನ್ನೂ ಹೇಳಿದೆ.  

"ಫಾರಂನಲ್ಲಿ ಒಂದು ಕುದ್ರೆ ಇತ್ತಮ್ಮ, ಎಡಗಣ್ಣು ಹೋಗಿತ್ತು. ಎಲ್ರೂ ಅದು ಕಾಣೋ ಕಡೆ ನಿಂತ್ಕೊಂಡು ಮೈ ಸವರೋರು. ಅದು ಇನ್ನೊಂದು ಕಡೆ ಮರ್ತೇಬುಡ್ತು, ಗೋಡೆಗೆ ಉಜ್ಕೊಂಡು ಗಾಯ ಮಾಡ್ಕೊಳ್ಳೋದು. ನಾನು ಕಾಣದ ಕಡೆ ನಿಂತು ಕೂಗ್ತಿದ್ದೆ. ತಿರುಗ್ಲೇಬೇಕು ಅದು, ಬೇರೆ ದಾರಿ ಇಲ್ಲ. ಹಂಗೇ ಕಲೀತು. ನಿಮ್ಮಪ್ಪನಿಗೆ ಹೇಳು. ನನ್ನ ಸಾಯಿಸ್ದೋನೇ ಬದುಕಿಸ್ಬೇಕು. ಅವನ ಗೀಟು ಇಲ್ದಿದ್ರೆ ಆ ಕಾರ್ಡ್ ನನಗೆ ಬೇಡ. ಸೋಮವಾರ ಬರ್ತೀನಿ."

ಮನೆಗೆ ಬಂದು ಅದನ್ನು ಹಾಗೇ ಹೇಳಿದೆ. ಅಬ್ಬಾ ಗೋಡೆಯ ಕಡೆ ತಿರುಗಿ ಮಲಗಿದರು.

2 ಡಿಸೆಂಬರ್, ಶನಿವಾರ

ಇಡೀ ದಿನ ಮೇಜು ಎಳೆದಾಡಿದೆ. ಅಬ್ಬಾನ ಮಾನಿಟರ್ ಗೋಡೆಯ ಕಡೆ, ನನ್ನದು ಬಾಗಿಲ ಕಡೆ. ಈಗ ನಾನು ಅವರ ಎಡಕ್ಕಿರುತ್ತೇನೆ. ನನಗೆ ಬೈಯಬೇಕೆಂದರೂ ತಿರುಗಲೇಬೇಕು, ಮತ್ತು ನನಗೆ ಬೈಯದೆ ಅವರಿಗೆ ಒಂದು ಗಂಟೆ ಕಳೆಯುವುದಿಲ್ಲ. ಫೈಲು ತೆಗೆದು ಲೆಫ್ಟ್‌ಆಫ್ ಅಳಿಸಿ ರೈಟ್‌ಆಫ್ ಎಂದು ಬರೆದೆ. ಮೊದಲ ದಿನ ತಪ್ಪಾಗಿ ಬರೆದಿದ್ದೆನಲ್ಲ, ಅದೇ. ಅವರ ಗಾಜಿನ ಎಡ ಅಂಚಿಗೆ ಮೇಲಿನಿಂದ ಕೆಳಗಿನವರೆಗೆ ಎಲೆಕ್ಟ್ರಿಷಿಯನ್ನರ ಕೆಂಪು ಟೇಪು ಅಂಟಿಸಿದೆ.

ಸಂಜೆ ಅಬ್ಬಾಗೆ ಬೇಸರ ಕಳೆಯಲೆಂದು ಎಡಕ್ಕೆ ಕೂತು ಉರ್ದು ಪತ್ರಿಕೆ ಓದಿ ಹೇಳಿದೆ. ಎರಡು ಪುಟ. ಮುಗಿದ ಮೇಲೆ ಅಮ್ಮಿ, "ಇವಳು ಯಾವಾಗಿಂದ ಹೀಗೆ ಓದ್ತಾಳೆ? ಎಲ್ಲೂ ನಿಲ್ಲಲೇ ಇಲ್ವಲ್ಲ" ಎಂದರು. ಅಬ್ಬಾನ ಬಗ್ಗೆಯೇ ಯೋಚಿಸುತ್ತಿದ್ದೆ, ನಿಲ್ಲದೆ ಓದಿದೆನೆಂದು ನನಗೇ ಗೊತ್ತಾಗಿರಲಿಲ್ಲ.

ಸೋಮವಾರ ಅಂಗಡಿಗೆ ಬರುತ್ತಾರೋ ಇಲ್ಲವೋ, ಅಬ್ಬಾ ಬಾಯಿ ಬಿಡುತ್ತಿಲ್ಲ.

4 ಡಿಸೆಂಬರ್, ಸೋಮವಾರ

ಬಂದರು. ಹತ್ತೂವರೆಗೆ, ನಾನು ಹತ್ತನೇ ಸಲ ರಸ್ತೆ ನೋಡಲು ಎದ್ದಾಗ. ಬಾಗಿಲ ಹತ್ತಿರ ನಿಂತು, ತಲೆ ಎಡಕ್ಕೆ ತಿರುಗಿಸಿ, ಬಾಗಿಲ ಕಂಬವನ್ನು ಒಂದು ಸಲ ಕೈಯಿಂದ ಮುಟ್ಟಿ ಒಳಗೆ ಬಂದರು.

"ನನ್ನ ಜಾಗ ಎಲ್ಲಿ?"

"ಈ ಕಡೆ ಅಬ್ಬಾ."

"ಬೆಳಕು?"

"ಇದಕ್ಕೆ ಬೆಳಕು ಒಳಗಿಂದಾನೇ ಬರುತ್ತೆ."

ಬುಡನ್ ಸಾಬ್ ಆಗಲೇ ಬಂದು ಸ್ಟೂಲಿನ ಮೇಲೆ ಕೂತಿದ್ದರು. ಅಬ್ಬಾ ಅವರಿಗೆ ಸಲಾಮ್ ಹೇಳಿ, ಕುರ್ಚಿ ಎಳೆದುಕೊಂಡು, ಕೆಂಪು ಟೇಪನ್ನು ನೋಡಿ ಇದೇನು ಎಂದರು. "ಕನ್ನಡ ಆದ್ರೆ ಇಲ್ಲಿಂದ ಹೊರಡಬೇಕು. ಉರ್ದು ಆದ್ರೆ ಇದನ್ನ ಮುಟ್ಟೋವರ್ಗೂ ವಾಪಸ್ ಬರೋ ಹಾಗಿಲ್ಲ" ಎಂದೆ. ಅಬ್ಬಾ ತಲೆಯಾಡಿಸಿ ಗಾಜಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದರು. ಪ್ರತಿ ಸಾಲಿಗೂ ತಲೆ ಕೆಂಪಿನವರೆಗೆ ಹೋಗಿ ಬರುತ್ತಿತ್ತು. ಸಣ್ಣ ಮಕ್ಕಳು ಓದುವುದಕ್ಕಿಂತ ನಿಧಾನ. ರುದ್ರಯ್ಯ ಮಾಮ ಮಿಷನ್ ಆರಿಸಿ ನಿಂತಿದ್ದರು. ನನ್ನ ಮಂಡಿ ಮೇಜಿನ ಕೆಳಗೆ ಕುಣಿಯುತ್ತಿತ್ತು.

"ಬುಡನ್ ಸಾಬ್ ಅವರ ಮೊಮ್ಮಗಳು" ಎಂದು ಓದಿದರು. ಕೆಂಪಿಗೆ ಹೋಗಿ ನೋಡಿ ಬಂದರು. ಅಲ್ಲಿ ಏನೂ ಇಲ್ಲ.

"ಬದುಕುದ್ನಾ?" ಎಂದರು ಬುಡನ್ ಸಾಬ್.

"ಬದುಕಿದ್ರಿ ಸಾಬ್."

ಎಲ್ಲರೂ ನಕ್ಕೆವು. ಅಬ್ಬಾ ಮುಂದಕ್ಕೆ ಓದಿದರು. "ಪ್ಯಾರೇಜಾನ್ ಸಾಬ್ ಅವರ ಮೊಮ್ಮಗ..." ಮುಂದಿನ ಸಾಲಿಗೆ ಹೋಗಿ, ನಿಂತು, ಹಿಂದಕ್ಕೆ ಬಂದರು. ಬೆರಳು ಕೆಂಪು ಟೇಪಿನ ಮೇಲೆ ಇಟ್ಟರು. ಅಲ್ಲಿಂದ ನಿಧಾನವಾಗಿ ಹೆಸರಿನವರೆಗೆ ಎಳೆದರು. ಇನ್ನೊಂದು ಸಲ ಎಳೆದರು.

"ಶಾಹೀನ್, ಇಲ್ಲಿ ಏನೋ ಇಲ್ಲ."

 ಮತ್ತೆ ಕಾಣುತ್ತಿಲ್ಲವೇನೋ ಅಂದುಕೊಂಡೆ. "ಏನಿಲ್ಲ ಅಬ್ಬಾ? ಎಲ್ಲ ಇದೆ."

"ಇಲ್ಲ ಕಣೇ. ಗುಬ್ಬಿ ಪ್ಯಾರೇಜಾನ್ ಸೈಕಲ್ ಷಾಪಿನ ಬೋರ್ಡ್ ಬರ್ದಿದ್ದು ನಾನು. ನಾಲ್ಕು ವರ್ಷದ ಹಿಂದೆ ಅವನ ಮಯ್ಯತ್‌ಗೆ ಹೋಗಿ ಮಣ್ಣು ಹಾಕಿ ಬಂದಿದ್ದೀನಿ. ಇವನ ಹೆಸ್ರಿಗೂ ಈ ಕೆಂಪಿಗೂ ಮಧ್ಯೆ ಒಂದು ಪದ ಇರ್ಬೇಕು. ಎಲ್ಲಿ ಅದು?"

ಒಂದೇ ಏಟಿಗೆ ಅಳಿಸಿದ್ದು ನೆನಪಾಯಿತು. ಇದ್ದವರನ್ನು ಬದುಕಿಸುವ ಗಾಬರಿಯಲ್ಲಿ ಹೋದವರನ್ನೂ ಎಬ್ಬಿಸಿಬಿಟ್ಟಿದ್ದೆ. ಬುಡನ್ ಸಾಬ್ ಕೊಡೆ ನೆಲಕ್ಕೆ ಕುಟ್ಟಿ ನಕ್ಕರು. "ಅಯ್ಯೋ ನಿನ್ನ! ಈ ಕಾರ್ಡ್ ತಗೊಂಡು ಗುಬ್ಬಿಗೆ ಹೋಗಿದ್ರೆ ಬೀಗ್ರು ನನ್ನ ನಿಜವಾಗ್ಲೂ ಸಾಯಿಸ್ತಿದ್ರು!"

ನನಗೆ ನಗು ಬರಲಿಲ್ಲ. ಅಬ್ಬಾ ಹಿಡಿದದ್ದು ಎಡಗಡೆ. ಎಡಗಡೆ ಇಲ್ಲದೆ ಇದ್ದದ್ದನ್ನು ಹಿಡಿದರು. ಉರ್ದುವಿನಲ್ಲೂ ಕೆಂಪಿನವರೆಗೆ ಹೋಗಿ ಅದೇ ಜಾಗದಲ್ಲಿ ಬೆರಳಿಟ್ಟರು. ಕೆಂಪು ಪೆನ್ಸಿಲ್ ಕೊಟ್ಟಾಗ ನನ್ನ ಕೈ ನೋಡಿ, "ಉಗುರು ಕಚ್ಚಬೇಡ, ಎಷ್ಟು ಸಲ ಹೇಳೋದು?" ಎಂದರು. ಬೈಯಲು ಎಡಕ್ಕೆ ತಿರುಗಿದ್ದರು.

ತಿದ್ದಿದ ಪ್ರಿಂಟಿನ ಕೆಳಗೆ ಗೀಟು ಎಳೆದರು. ಬಲದಿಂದ ಶುರು ಮಾಡಿ ಎಡಕ್ಕೆ, ಕಾಗದದ ಅಂಚಿನವರೆಗೂ.

5 ಡಿಸೆಂಬರ್, ಮಂಗಳವಾರ

ಕಾರ್ಡು ಕುಣಿಗಲ್‌ಗೆ ಹೋಯಿತು. ಸಂಗಮೇಶ್ ಸರ್ ಬಂದು, ಹೊಸ ಚಪ್ಪಟೆ ಮಾನಿಟರ್ ಬಂದಿದೆ, ಅದರಲ್ಲಿ ಎಡಕ್ಕೆ ಜರುಗುವ ತಾಪತ್ರಯ ಇಲ್ಲ ಎಂದರು. ನಮ್ಮದು ಈಗ ಸರಿಯಿದೆ ಸರ್ ಎಂದೆ.

ಅಬ್ಬಾ ಎಲ್ಲ ಸಲವೂ ತಿರುಗುವುದಿಲ್ಲ. ಬೆಳಿಗ್ಗೆ ಎಡಗಡೆ ಇಟ್ಟ ಟೀ ಆರಿಹೋಯಿತು. ಡಾಕ್ಟರು ಹೇಳಿದ ಹಾಗೆ ಎಷ್ಟು ಬರುತ್ತದೋ ಬರಲಿ.

ಮಧ್ಯಾಹ್ನ ನಾನು ಬೇಕೆಂದೇ ಸುಮ್ಮನೆ ಕೂತೆ. ಟೈಪ್ ಮಾಡಲಿಲ್ಲ, ಕುರ್ಚಿ ಅಲ್ಲಾಡಿಸಲಿಲ್ಲ, ಉಸಿರೂ ಜೋರಾಗಿ ಬಿಡಲಿಲ್ಲ. ನಾನು ಇಷ್ಟು ಹೊತ್ತು ಅಲ್ಲಾಡದೆ ಕೂತಿದ್ದು ಇದೇ ಮೊದಲಿರಬೇಕು. ಅಬ್ಬಾ ಓದುತ್ತಿದ್ದರು. ಒಂದು ಸಾಲು, ಎರಡು ಸಾಲು, ಅರ್ಧ ಪುಟ. ಆಮೇಲೆ ಅವರ ತಲೆ ನಿಧಾನವಾಗಿ ತಿರುಗಿತು, ಕೆಂಪು ಟೇಪಿನವರೆಗೆ ಬಂತು, ಅಲ್ಲಿ ನಿಲ್ಲದೆ ಅದನ್ನು ದಾಟಿ ನನ್ನವರೆಗೂ ಬಂತು.

"ಇದೀಯಾ?" ಎಂದರು.

"ಇದೀನಿ ಅಬ್ಬಾ" ಎಂದೆ.